ಬ್ಯಾಟರಿ ಮುಗಿದ ಮೇಲಿನ ಮಾತು

"ಕೂತುಕೊಳ್ಳಿ, ಈಗ ನೋಡಿಕೊಡ್ತೇನೆ."

ಅವನು ಅಂದದ್ದು ಇಷ್ಟೇ. ಶಶಿಪ್ರಭಾಳ ಕೈಯಲ್ಲಿದ್ದ ರೇಡಿಯೋ ಜಾರಿ ಬೀಳುವುದೊಂದು ಬಾಕಿ!

ಈ ಸ್ವರ... ಮೂರು ತಿಂಗಳಿನಿಂದ ದಿನಾ ಸಂಜೆ ಆರೂವರೆಗೆ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ ಉಸಿರು ಬಿಗಿಹಿಡಿದು ಕೇಳುತ್ತಿದ್ದ ಸ್ವರ ಇದೇ ಅಲ್ಲವೇ?

"ನೀವೇ ಅಲ್ವಾ?" ಅಂದಳು.

ಸ್ಕ್ರೂಡ್ರೈವರ್ ಹಿಡಿದ ಕೈ ಅಲ್ಲೇ ನಿಂತಿತು. "ನಾನೇ ಅಂದರೆ ಯಾರು?"

"ಆರೂವರೆಯ ರೇಡಿಯೋ!"

ಅವನು ಎದ್ದವನೇ ಅಂಗಡಿಯ ಬಾಗಿಲನ್ನು ಅರ್ಧ ಎಳೆದ. ಮುಖ ಸುಣ್ಣದಂತೆ ಬಿಳಿಚಿತ್ತು.

"ಮೆಲ್ಲ ಹೇಳಿ ಮಾರಾಯ್ರೇ! ನನ್ನನ್ನು ಜೈಲಿಗೆ ಹಾಕಿಸಬೇಕಂತ ಉಂಟಾ ನಿಮಗೆ?"

ಅದು 1961ನೇ ಇಸವಿ, ಮೂಡಬಿದ್ರೆ ಪೇಟೆ. ಅವನ ಹೆಸರು ನಿತ್ಯಾನಂದ. ಸೈನ್ಯದ ವೈರ್‌ಲೆಸ್ ವಿಭಾಗದಲ್ಲಿ ಆರು ವರ್ಷ ದುಡಿದು ಊರಿಗೆ ಬಂದವನು ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ. ಅಷ್ಟಕ್ಕೇ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ. ದೇಶದ ರೇಡಿಯೋದಲ್ಲಿ ಕನ್ನಡ ಬರುತ್ತದೆ, ಹಿಂದಿ ಬರುತ್ತದೆ, ಇಂಗ್ಲಿಷ್ ಬರುತ್ತದೆ. ತಾವು ದಿನಾ ಆಡುವ ತುಳು ಮಾತ್ರ ಯಾಕೆ ಬರುವುದಿಲ್ಲ ಎಂಬ ಸಿಟ್ಟು ಅವನಿಗೆ. ಹಳೆಯ ವಾಲ್ವುಗಳನ್ನು ಜೋಡಿಸಿ, ಬಸ್ಸಿನ ಬ್ಯಾಟರಿಯೊಂದನ್ನು ಸಂಪಾದಿಸಿ, ಅಂಗಡಿಯ ಅಟ್ಟದ ಮೇಲೆ ತನ್ನದೇ ಒಂದು ರೇಡಿಯೋ ನಿಲಯ ಶುರುಮಾಡಿಬಿಟ್ಟಿದ್ದ! ಲೈಸೆನ್ಸೂ ಇಲ್ಲ, ಹೆಸರೂ ಇಲ್ಲ. ಸಿಕ್ಕಿಬಿದ್ದರೆ ಸೆರೆಮನೆಯೇ ಗತಿ.

ಹಿತ್ತಲಿನ ಎರಡು ತೆಂಗಿನಮರಗಳ ನಡುವೆ ಬಿಗಿದಿದ್ದ ತಾಮ್ರದ ತಂತಿಯೇ ಏರಿಯಲ್. ಯಾರಾದರೂ ಕೇಳಿದರೆ ಬಟ್ಟೆ ಒಣಗಿಸುವ ಹಗ್ಗ ಎನ್ನುವುದಕ್ಕೆಂದು ಅದರ ಮೇಲೆ ಮೈ ಒರೆಸುವ ಒಂದು ಬೈರಾಸು ನೇತಾಡುತ್ತಿತ್ತು. ವರ್ಷವಿಡೀ ಅದೇ ಬೈರಾಸು!

"ನಾನು ಯಾರಿಗೂ ಹೇಳುವುದಿಲ್ಲ," ಅಂದಳು ಶಶಿಪ್ರಭಾ. ಅವಳು ಅಲ್ಲೇ ಶಾಲೆಯ ಟೀಚರು. ತಪ್ಪು ಕಂಡರೆ ತಿದ್ದದೆ ಬಿಡುವ ಜಾತಿಯಲ್ಲ. "ಆದರೆ ಒಂದು ಮಾತು. ನೀವು ಸತ್ತವರ ಸುದ್ದಿಯನ್ನು ಬಸ್ಸಿನ ಟೈಮು ಓದಿದ ಹಾಗೆ ಓದ್ತೀರಿ. ಮೊನ್ನೆ ಶಿರ್ತಾಡಿಯ ಅಜ್ಜಿ ತೀರಿಹೋದದ್ದು ಹೇಳಿ, ಅದೇ ಉಸಿರಿಗೆ ಕಳೆದುಹೋದ ಎಮ್ಮೆಯ ಸುದ್ದಿ ಹೇಳಿದಿರಿ. ಪಾಪ, ಅಜ್ಜಿಗಾಗಿ ಒಂದು ಗಳಿಗೆ ಸುಮ್ಮನಿರಬಾರದಾ?"

ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೆ ಗಂಡಸರಿಗೆ ಕೋಪ ಬರುತ್ತದೆ.

"ಹಾಗಾದರೆ ನೀವೇ ಬಂದು ಓದಿ ನೋಡುವ!"

ತಮಾಷೆಗೆ ಅಂದದ್ದು. ಅವಳು ಮರುದಿನ ಸಂಜೆ ಆರು ಗಂಟೆಗೆ, ಕೊಡೆ ಮಡಚಿ ಮೂಲೆಗಿಟ್ಟು, ಅಟ್ಟದ ಏಣಿ ಹತ್ತಿಯೇಬಿಟ್ಟಳು!

*

ಅಲ್ಲಿಂದ ಮುಂದಿನ ಒಂದು ವರ್ಷ...

ಅದನ್ನು ಹೇಗೆ ಹೇಳಲಿ? ಆರೂವರೆಗೆ ಸರಿಯಾಗಿ ಅವನು ಒಂದು ಹಿತ್ತಾಳೆಯ ಚೆಂಬಿಗೆ ಚಮಚದಿಂದ ಮೂರು ಪೆಟ್ಟು ಹೊಡೆಯುತ್ತಿದ್ದ. ಟಿಣ್... ಟಿಣ್... ಟಿಣ್. ಅವಳು "ಮಾತೆರೆಗ್ಲಾ ನಮಸ್ಕಾರ" ಎಂದು ಎಲ್ಲರಿಗೂ ತುಳುವಿನಲ್ಲಿ ವಂದಿಸುತ್ತಿದ್ದಳು. ಆ ಕ್ಷಣದಲ್ಲಿ ಇತ್ತ ಮುಂಡಾಜೆಯಿಂದ ಅತ್ತ ಬಂಟವಾಳದವರೆಗೆ, ರೇಡಿಯೋ ಇದ್ದ ಮನೆಗಳ ಮುಂದೆ ನೆರೆಕರೆಯವರೆಲ್ಲ ಸೇರಿರುತ್ತಿದ್ದರು.

ಸುದ್ದಿ ತರುವವನು ಇದಿನಬ್ಬ, ಬಸ್ಸಿನ ಕಂಡಕ್ಟರ್. ನಿತ್ಯಾನಂದನ ಚಡ್ಡಿದೋಸ್ತ. ಊರೂರಿನ ಚೀಟಿಗಳು ಅವನ ಚರ್ಮದ ಚೀಲದಲ್ಲಿ ಬರುತ್ತಿದ್ದವು. ಯಾರ ಮನೆಯಲ್ಲಿ ಹೆರಿಗೆ, ಯಾರು ಬೊಂಬಾಯಿಯಿಂದ ಬಂದರು, ಯಾವ ಹಳ್ಳ ದಾಟುವ ಸಂಕ ಮುರಿದಿದೆ... ಒಮ್ಮೆ ಒಬ್ಬ ಅಂಗಡಿಯವ ಸೀಮೆಎಣ್ಣೆ ಇಲ್ಲವೆಂದು ಜನರನ್ನು ಹಿಂದೆ ಕಳಿಸುತ್ತಿದ್ದ. ಆ ಸಂಜೆ ಶಶಿಪ್ರಭಾ ಜೇನಿನಂಥ ಸ್ವರದಲ್ಲಿ, "ಸೀಮೆಎಣ್ಣೆ ಬೇಕಾದವರು ಪೇಟೆಯ ಅಂಗಡಿಯ ಹಿಂದಿನ ಬಾಗಿಲಿಗೆ ಹೋಗಿ, ಅಲ್ಲಿ ಎಂಟು ಡಬ್ಬ ಉಂಟು" ಎಂದಳು. ಮರುದಿನ ಬೆಳಿಗ್ಗೆ ಹಿಂದಿನ ಬಾಗಿಲಲ್ಲಿ ಜಾತ್ರೆ!

ನಗುತ್ತ ನಗುತ್ತ ಇಬ್ಬರ ಕಣ್ಣಲ್ಲೂ ನೀರು ಬಂದಿತ್ತು ಆ ದಿನ. ನಗು ನಿಂತ ಮೇಲೂ ಅವನು ಅವಳನ್ನೇ ನೋಡುತ್ತಿದ್ದ.

'ಯಾಕೆ ಹೀಗೆ ನೋಡ್ತಾರೆ? ನೋಡಿದರೆ ನನಗೆ ಓದಲಿಕ್ಕೇ ಬರುವುದಿಲ್ಲ...'

ಕೆಲಸ ಮುಗಿದ ಮೇಲೆ ಮೈಕಿನ ಸ್ವಿಚ್ಚು ಆರಿಸುವುದು ಮಾತ್ರ ಯಾವತ್ತೂ ಅವಳೇ. ನಿತ್ಯಾನಂದನಿಗೆ ಅದರ ನೆನಪೇ ಇರುತ್ತಿರಲಿಲ್ಲ. "ಒಂದಲ್ಲ ಒಂದು ದಿನ ನೀವು ಮಾನ ತೆಗೀತೀರಿ ನೋಡಿ," ಎಂದು ಬೈದು ಅವಳೇ ಟಪ್ಪೆಂದು ಆರಿಸುತ್ತಿದ್ದಳು.

"ನೀವು ಇದ್ದೀರಲ್ಲ ಟೀಚರೇ," ಎನ್ನುತ್ತಿದ್ದ ಅವನು.

ಅಷ್ಟು ಸಾಕಿತ್ತು ಅವಳಿಗೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತಿದ್ದಳು.

*

1962ರ ನವೆಂಬರ್. ಚೀನಾ ಗಡಿಯಲ್ಲಿ ಯುದ್ಧ. ಎಲ್ಲಿ ಕಳ್ಳ ವೈರ್‌ಲೆಸ್ ಕಂಡರೂ ಗೂಢಚಾರರೆಂದು ಹಿಡಿಯುತ್ತಾರೆಂಬ ಸುದ್ದಿ ಹಬ್ಬಿತ್ತು.

ಆ ದಿನ ಶಶಿಪ್ರಭಾಳಿಗೆ ಜ್ವರ. ಕಂಬಳಿ ಹೊದ್ದು ದೊಡ್ಡಮ್ಮ ಅಮ್ಮಣಿಯ ಪಕ್ಕದಲ್ಲಿ ರೇಡಿಯೋ ಮುಂದೆ ಕುಳಿತಿದ್ದಳು. ಮನೆಗೆ ಕರೆಂಟು ಬಂದಿರಲಿಲ್ಲ, ಬ್ಯಾಟರಿಯ ರೇಡಿಯೋ. ಸ್ವರ ಆಗಲೇ ಕ್ಷೀಣವಾಗುತ್ತಿತ್ತು.

ನಿತ್ಯಾನಂದ ಒಬ್ಬನೇ ಓದಿ ಮುಗಿಸಿದ. ಸತ್ತವರಿಗಾಗಿ ಒಂದು ಗಳಿಗೆ ಸುಮ್ಮನೂ ಇದ್ದ. ಅವಳಿಗೆ ನಗು ಬಂತು. ಆಮೇಲೆ... ಸ್ವಿಚ್ಚು ಆರಿಸಿದ ಸದ್ದೇ ಬರಲಿಲ್ಲ!

'ಅಯ್ಯೋ, ಮರೆತೇಬಿಟ್ಟರು!'

ಕುರ್ಚಿ ಎಳೆದ ಸದ್ದು. ಇದಿನಬ್ಬನ ಕೆಮ್ಮು. ಮತ್ತೆ ನಿತ್ಯಾನಂದನ ಸ್ವರ, ಊರಿಗೆಲ್ಲ ಕೇಳುವ ಹಾಗೆ:

"ಇಲ್ಲ ಇದಿನಬ್ಬ, ತೀರ್ಮಾನ ಮಾಡಿದ್ದೇನೆ. ಟೀಚರು ಇನ್ನು ಇಲ್ಲಿಗೆ ಬರುವುದು ಬೇಡ. ನಾಳೆಯೇ ಅವರ ಮುಖಕ್ಕೆ ಹೇಳಿಬಿಡ್ತೇನೆ. ಅವರ ಸ್ವರ ಇನ್ನು ಈ ರೇಡಿಯೋದಲ್ಲಿ ಬೇಡವೇ ಬೇಡ..."

ಗೊರ್ರ್... ಎಂದು ರೇಡಿಯೋ ನಿಂತುಹೋಯಿತು. ಬ್ಯಾಟರಿ ಮುಗಿದಿತ್ತು.

ಶಶಿಪ್ರಭಾಳಿಗೆ ಜ್ವರದ ಮೈ ತಣ್ಣಗಾದಂತಾಯಿತು. ಬೇಡವೇ ಬೇಡ! ಒಂದು ವರ್ಷ ಏಣಿ ಹತ್ತಿ ಇಳಿದವಳಿಗೆ ಸಿಕ್ಕಿದ ಮಾತು ಇದು. ಅದೂ ಮೂರು ತಾಲೂಕಿನ ಎದುರು!

ಕನ್ಯಾನದ ಶಾಲೆಗೆ ವರ್ಗವಾದ ಕಾಗದ ಒಂದು ವಾರದಿಂದ ಅವಳ ಪೆಟ್ಟಿಗೆಯಲ್ಲಿತ್ತು. ಹೋಗಬಾರದೆಂದು ಏನೇನೋ ನೆಪ ಹುಡುಕುತ್ತಿದ್ದಳು, ಅವನ ಸಲುವಾಗಿ. ಈಗ ಯಾವ ನೆಪವೂ ಬೇಕಾಗಲಿಲ್ಲ.

"ದೊಡ್ಡಮ್ಮ, ಅವರು ಬಂದರೆ ನಾನು ಹೋದೆ ಅಂತ ಹೇಳಿ ಸಾಕು. ಅವರ ಹೆಸರು ಮಾತ್ರ ನನ್ನ ಹತ್ತಿರ ಎತ್ತಬೇಡಿ."

ಬೆಳಿಗ್ಗೆ ಇದಿನಬ್ಬನ ಬಸ್ಸು ಬರುವ ಮೊದಲೇ ಬೇರೆ ಬಸ್ಸು ಹತ್ತಿ ಹೊರಟುಹೋದಳು.

*

ಕನ್ಯಾನದಲ್ಲಿ ಐದು ವರ್ಷ ಕಳೆಯಿತು. ಮಕ್ಕಳಿಗೆ ಪಾಠ ಓದಿ ಹೇಳುವಾಗ ಒಮ್ಮೊಮ್ಮೆ ತನ್ನ ಸ್ವರ ತನಗೇ ಕೇಳಿ, ಪುಸ್ತಕ ಮಡಚಿ ಮಕ್ಕಳಿಗೇ ಓದಲು ಹೇಳುತ್ತಿದ್ದಳು. ಮನೆಗೆ ಬಂದ ಸಂಬಂಧಗಳಿಗೆಲ್ಲ ಬೇಡವೆಂದಳು.

1967ರಲ್ಲಿ ಬೆಳ್ತಂಗಡಿಯಲ್ಲಿ ಟೀಚರುಗಳ ತರಬೇತಿಯೊಂದಕ್ಕೆ ಹೊರಟಿದ್ದಳು. ಬಂಟವಾಳದಲ್ಲಿ ಬಸ್ಸು ಬದಲಿಸಿ, ತಲೆತಗ್ಗಿಸಿಕೊಂಡೇ ಚಿಲ್ಲರೆ ಚಾಚಿದಳು.

"ಬೆಳ್ತಂಗಡಿಗೆ ಒಂದು."

ಅಷ್ಟೇ! ಪಕ್ಕದ ಸೀಟಿನ ಅಜ್ಜಿ ತಟ್ಟನೆ ತಿರುಗಿದಳು. ಅವಳ ಹೆಸರು ಸುಬ್ಬಮ್ಮ, ಮುಂಡಾಜೆಯವಳು.

"ಮಗಾ... ನೀನು ರೇಡಿಯೋದ ಟೀಚರಲ್ವಾ?"

ಶಶಿಪ್ರಭಾ ಕಿಟಕಿಯ ಕಡೆ ತಿರುಗಿದಳು. "ಅಲ್ಲ ಅಜ್ಜಿ..."

"ಸುಳ್ಳು ಹೇಳಬೇಡ. ನನ್ನ ಕಣ್ಣು ಹೋಗಿರಬಹುದು, ಕಿವಿ ಸರಿ ಉಂಟು. ಐದು ವರ್ಷದಿಂದ ಕಾಯ್ತಾ ಇದ್ದೇನೆ ಮಾರಾಯ್ತಿ! ಆ ಹುಡುಗನಿಗೆ ನೀನು ಎಂಥ ಉತ್ತರ ಕೊಟ್ಟೆ?"

"ಉತ್ತರವಾ? ಬೇಡ ಅಂದವರಿಗೆ ಉತ್ತರ ಏನು ಕೊಡುವುದು?"

"ಯಾರು ಬೇಡ ಅಂದದ್ದು?" ಎಂದಿತು ತಲೆಯ ಮೇಲಿಂದ ಒಂದು ಸ್ವರ. ನೋಡಿದರೆ ಇದಿನಬ್ಬ! ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು. ಟಿಕೆಟು ಹರಿಯುವುದನ್ನೂ ಮರೆತು ನಿಂತಿದ್ದ. "ಟೀಚರೇ... ನೀವು ಆ ದಿನ ಪೂರ್ತಿ ಕೇಳಲಿಲ್ವಾ?"

"ನನ್ನ ಸ್ವರ ಬೇಡವೇ ಬೇಡ ಅಂದರು. ಅಷ್ಟರಲ್ಲಿ ನಮ್ಮ ಬ್ಯಾಟರಿ ಮುಗಿಯಿತು."

ಇದಿನಬ್ಬ ಹಣೆ ಚಚ್ಚಿಕೊಂಡ. "ಯಾ ಅಲ್ಲಾ! ಇಡೀ ಊರು ಕೇಳಿತು, ಕೇಳಬೇಕಾದವರು ಕೇಳಲಿಲ್ಲ!"

ಮುಂದಿನದನ್ನು ಅವನಿಗಿಂತ ಮೊದಲು ಸುಬ್ಬಮ್ಮನೇ ಹೇಳಿದಳು. ಅವಳಿಗೆ ಬಾಯಿಪಾಠವಾಗಿತ್ತು.

"'ಪೊಲೀಸರು ಬಂದರೆ ನಾನೊಬ್ಬ ಒಳಗೆ ಹೋಗ್ತೇನೆ, ಅವರು ಹೋಗಬಾರದು. ಅವರ ಸ್ವರ ನನ್ನ ಮನೆಯಲ್ಲಿ ಇರಲಿ. ಅವರಿಗೆ ಮನಸ್ಸಿದ್ದರೆ ನಾಳೆಯೇ ಅವರ ದೊಡ್ಡಮ್ಮನ ಹತ್ತಿರ ಹೆಣ್ಣು ಕೇಳ್ತೇನೆ.' ಹೀಗೆ ಹೇಳಿದ ಮಗಾ. ನಮ್ಮ ಚಾವಡಿಯಲ್ಲಿ ಹದಿನೆಂಟು ಜನ ಕೂತಿದ್ದರು. ಒಬ್ಬರ ಕಣ್ಣೂ ಒಣಗಿರಲಿಲ್ಲ."

ಬಸ್ಸು ಎಲ್ಲಿ ತಿರುಗಿತೋ, ಎಲ್ಲಿ ನಿಂತಿತೋ... ಶಶಿಪ್ರಭಾಳಿಗೆ ಏನೂ ಕಾಣಿಸಲಿಲ್ಲ. ಕಣ್ಣು ತುಂಬಿ ಹರಿಯುತ್ತಿತ್ತು.

"ಯಾಕೆ... ಯಾಕೆ ಯಾರೂ ನನಗೆ ಹೇಳಲಿಲ್ಲ?"

"ಹೇಗೆ ಹೇಳುವುದು?" ಇದಿನಬ್ಬನ ಸ್ವರ ಇಳಿಯಿತು. "ಸ್ವಿಚ್ಚು ಆರಿಸಲಿಲ್ಲ ಅಂತ ಗೊತ್ತಾಗಿ ಆ ಸಂಜೆಯೇ ಮೆಷೀನನ್ನು ಬಾವಿಗೆ ಹಾಕಿದೆವು. ಮೂರನೇ ದಿನ ಆಫೀಸರುಗಳು ಬಂದರು. ಮನೆಮನೆಗೆ ಹೋಗಿ ಕೇಳಿದರು, ಕಳ್ಳ ರೇಡಿಯೋ ಕೇಳಿದ್ದೀರಾ ಅಂತ. ಊರಿಗೆ ಊರೇ ಕೇಳಲಿಲ್ಲ ಅಂದಿತು! ಸೀಮೆಎಣ್ಣೆಯ ಆ ಅಂಗಡಿಯವನೂ ಬಾಯಿಬಿಡಲಿಲ್ಲ. ಮತ್ತೆ ಆ ಮಾತನ್ನು ಯಾರೂ ಎತ್ತಲಿಲ್ಲ. ಪೂರ್ತಿ ಕೇಳಿಯೇ ನೀವು ಬೇಡ ಅಂದು ಹೋದಿರಿ ಅಂತ ನಾವು ತಿಳಿದದ್ದು. ನಿತ್ಯಣ್ಣನೂ ಹಾಗೇ ತಿಳಿದದ್ದು. ಮರುದಿನ ಬೆಳಿಗ್ಗೆ ನಿಮ್ಮ ಮನೆಗೆ ಬಂದಿದ್ದ. ನೀವು ಹೋಗಿ ಆಗಿತ್ತು."

"ಅವರು... ಈಗ?"

"ಬೆಳ್ತಂಗಡಿಯಲ್ಲಿ. ಬಸ್‌ಸ್ಟ್ಯಾಂಡಿನ ಎದುರು ಅಂಗಡಿ. ರೇಡಿಯೋ ರಿಪೇರಿ, ಮದುವೆಗಳಿಗೆ ಮೈಕ್ ಬಾಡಿಗೆಗೆ." ಅವಳು ಕೇಳದ ಪ್ರಶ್ನೆಗೂ ಅವನೇ ಉತ್ತರ ಕೊಟ್ಟ. "ಊರಿನವರ ಮದುವೆಗೆಲ್ಲ ಮೈಕ್ ಕಟ್ತಾನೆ. ಅವನ ಮದುವೆ ಆಗಲಿಲ್ಲ."

ಬೆಳ್ತಂಗಡಿಯಲ್ಲಿ ಇಳಿದಾಗ ಸುಬ್ಬಮ್ಮ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಗಟ್ಟಿಯಾಗಿ ಕುಳಿತುಬಿಟ್ಟಳು.

"ಉತ್ತರ ಕೇಳದೆ ನಾನು ಮುಂಡಾಜೆಯ ಬಸ್ಸು ಹತ್ತುವುದಿಲ್ಲ. ಹೋಗು ಮಗಾ."

*

ಅಂಗಡಿಯ ಹೆಂಚಿನ ಮಾಡಿನ ಮೇಲೆ ಲೌಡ್‌ಸ್ಪೀಕರಿನ ದೊಡ್ಡ ಹೂವೊಂದು ಬಸ್‌ಸ್ಟ್ಯಾಂಡಿಗೆ ಮುಖಮಾಡಿ ನಿಂತಿತ್ತು. ಒಳಗೆ ನಿತ್ಯಾನಂದ ಬೆನ್ನು ತಿರುಗಿಸಿ ತಂತಿ ಬೆಸೆಯುತ್ತಿದ್ದ. ಮೇಜಿನ ಮೇಲೆ ಪರೀಕ್ಷೆಗೆಂದು ಜೋಡಿಸಿದ ಮೈಕು. ಅದರ ಪಕ್ಕದಲ್ಲಿ... ಅದೇ ಹಿತ್ತಾಳೆಯ ಚೆಂಬು! ಈಗ ಅದರ ತುಂಬ ಸ್ಕ್ರೂಗಳು.

"ಕೂತುಕೊಳ್ಳಿ, ಈಗ ನೋಡಿಕೊಡ್ತೇನೆ," ಎಂದ ತಿರುಗದೆಯೇ. "ರಿಪೇರಿಗೆ ಏನು ತಂದಿದ್ದೀರಿ?"

"ಒಂದು ಅರ್ಧ ಮಾತು."

ಅವನು ಗಕ್ಕನೆ ನಿಂತ. ತಿರುಗಲು ಧೈರ್ಯ ಸಾಲದವನಂತೆ ಹಾಗೆಯೇ ನಿಂತಿದ್ದ.

"ಐದು ವರ್ಷದ ಹಿಂದೆ ನಮ್ಮ ರೇಡಿಯೋದ ಬ್ಯಾಟರಿ ಮುಗಿಯಿತು," ಅಂದಳು ಅವಳು. "ನನ್ನ ಸ್ವರ ಬೇಡವೇ ಬೇಡ ಅನ್ನುವವರೆಗೆ ಮಾತ್ರ ಕೇಳಿಸಿತು. ಉಳಿದದ್ದನ್ನು ಬಸ್ಸಿನಲ್ಲಿ ಬೇರೆಯವರ ಬಾಯಿಂದ ಕೇಳಿದೆ. ನನಗೆ ನಿಮ್ಮ ಬಾಯಿಂದ ಬೇಕು."

ಅವನು ತಿರುಗಿದ. ಕಣ್ಣು ಕೆಂಪಾಗಿತ್ತು.

"ಕೇಳಿಸಲೇ ಇಲ್ವಾ? ಟೀಚರೇ... ಐದು ವರ್ಷ ನಾನು... ಕೇಳಿಯೂ ಹೋದಿರಿ ಅಂತ..."

"ಬೇಡ ಅಂದಿರಿ ಅಂತ ನಾನು. ಇಬ್ಬರೂ ದಡ್ಡರು. ಈಗ ಹೇಳಿ."

ಹೇಳುವ ಮೊದಲು ಅವನು ಕಣ್ಣು ಒರೆಸಿಕೊಂಡ. ಅಷ್ಟರಲ್ಲಿ ಶಶಿಪ್ರಭಾ ಮೇಜಿನ ಹತ್ತಿರ ಹೋಗಿ, ಚೆಂಬಿನ ಸ್ಕ್ರೂಗಳನ್ನು ಸುರಿದು, ಏನೋ ಟಪ್ಪೆನ್ನಿಸಿ, ಸ್ಕ್ರೂಡ್ರೈವರಿನಿಂದ ಮೂರು ಪೆಟ್ಟು ಹೊಡೆದಳು.

ಟಿಣ್... ಟಿಣ್... ಟಿಣ್.

"ನಿಮ್ಮ ಸ್ವರ ನನ್ನ ಮನೆಯಲ್ಲಿ ಇರಲಿ," ಎಂದ ನಿತ್ಯಾನಂದ. "ಆ ದಿನವೂ ಅದೇ ಹೇಳಿದ್ದು, ಇವತ್ತೂ ಅದೇ. ಬರ್ತೀರಾ?"

"ಬರ್ತೇನೆ. ಆದರೆ ಸತ್ತವರ ಸುದ್ದಿ ನಾನೇ ಓದುವುದು."

ಅವನು ಅಳುತ್ತಲೇ ನಕ್ಕ. ನಗುತ್ತಿದ್ದವನಿಗೆ ತನ್ನ ನಗುವೇ ಹೊರಗಿನಿಂದ ದೊಡ್ಡದಾಗಿ ಕೇಳಿಸಿತು. ಅವನು ಗಾಬರಿಯಾಗಿ ಮಾಡಿನ ಕಡೆ ನೋಡಿದ.

"ಟೀಚರೇ! ಮೈಕ್ ಆನ್ ಉಂಟು!"

"ಗೊತ್ತುಂಟು, ನಾನೇ ಹಾಕಿದ್ದು," ಅಂದಳು ಶಶಿಪ್ರಭಾ. "ಹೊರಗೆ ಸುಬ್ಬಮ್ಮ ಕಾಯ್ತಾ ಇದ್ದಾರೆ. ಅವರಿಗೆ ಮುಂಡಾಜೆಯ ಬಸ್ಸು ತಪ್ಪಬಾರದಲ್ಲ."