ಸಿರಿಂಜಿನಲ್ಲಿ ಉಳಿದ ಪಾಲು

ಮೇ ಹದಿನಾರು, ಮಂಗಳವಾರ, ಬೆಳಿಗ್ಗೆ 9.20ಕ್ಕೆ ಶಿಮ್ಕೆಂಟ್ ನಗರದ ಹಳೇ ಬಜಾರಿನ ಠಾಣೆಗೆ ಬಾಗಿಲಾ ಎಂಬ ಹೆಂಗಸು ದೂರು ತಂದಳು. ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆದುಕೊಂಡಿರಲಿಲ್ಲ. ಮಹಿಳಾ ತನಿಖಾಧಿಕಾರಿ ಕ್ಯಾಪ್ಟನ್ ಜೌರೆಯ ಮೇಜಿನ ಮೇಲೆ ಫೋನು ಕುಕ್ಕಿ, "ನೋಡಿ, ಇದು ನನ್ನ ನಾದಿನಿ ಮುಖ," ಎಂದಳು.

ಚಿತ್ರದಲ್ಲಿ ಇಪ್ಪತ್ತಮೂರರ ಹುಡುಗಿ, ಮರಾಲ್. ಎಡಗೆನ್ನೆ ಬಾತು, ಮೂಗಿನ ಪಕ್ಕ ನಾಣ್ಯದಗಲ ಕಪ್ಪಾಗಿತ್ತು.

"ಯಾರು ಹೊಡೆದ್ರು?"

"ಹೊಡೆದಿದ್ರೆ ನಾನೇ ಹೋಗಿ ವಾಪಸ್ ಹೊಡೆದು ಬರ್ತಿದ್ದೆ. ಇದು ಸೂಜಿ ಕೆಲಸ. ಚರ್ಮ ತೇವ ಹಿಡೀಲಿ, ಮುಖ ಹೊಳೀಲಿ ಅಂತ ಚುಚ್ಚಿಸ್ಕೋತಾರಲ್ಲ, ಆ ಇಂಜೆಕ್ಷನ್ನು. ಶನಿವಾರ ಮದುವೆ. ಊರೆಲ್ಲ ಕೂತಿರೋವಾಗ ಮುಸುಕು ತೆಗೆದು ಮುಖ ತೋರಿಸಬೇಕು."

"ಚುಚ್ಚಿದ್ದು ಯಾರು?"

"ಮರಾಲ್ ಬಾಯೇ ಬಿಡ್ತಿಲ್ಲ."

9.45ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ 'ತಿಳಿದಿಲ್ಲ' ಎಂದು ಬರೆದರು. ಆ ವರ್ಷ ಇಂಥ ದೂರು ಬಂದದ್ದು ಇದು ನಾಲ್ಕನೆಯ ಸಲ. ಮೊದಲ ಮೂರನ್ನೂ ಕೊಟ್ಟ ಹೆಂಗಸರೇ ಮರುದಿನ ಬಂದು ಹಿಂದಕ್ಕೆ ಪಡೆದಿದ್ದರು, ಮನೆಯ ಮಾನ ಎಂದು. ಆ ಸಿಟ್ಟು ಜೌರೆಗೆ ಇನ್ನೂ ಆರಿರಲಿಲ್ಲ.

10.30ಕ್ಕೆ ಆಸ್ಪತ್ರೆ. ವೈದ್ಯರು ವಾರ್ಡಿನ ಬಾಗಿಲಲ್ಲೇ ನಿಲ್ಲಿಸಿ ಹೇಳಿದರು: "ಗೆರೆ ಎಳೆದ ಹಾಗೆ ಸಾಲಾಗಿ ನಲವತ್ತು ಕಡೆ ಚುಚ್ಚಿದ್ದಾರೆ, ಪಳಗಿದ ಕೈ. ಆದ್ರೆ ಒಳಗೆ ಕೀವಾಗಿದೆ, ರಕ್ತ ಓಡ್ತಿಲ್ಲ. ಹಾಕಿರೋದು ಕರಗೋ ಜಾತಿ ಮದ್ದಾದ್ರೆ ಕರಗಿಸಿ ಕೆನ್ನೆ ಉಳಿಸ್ತೀನಿ. ಇಲ್ಲದಿದ್ರೆ ಕೊಯ್ದು ತೆಗೀಬೇಕು. ಸಂಜೆ ನಾಲ್ಕರೊಳಗೆ ಏನು ಮದ್ದು ಅಂತ ತಂದುಕೊಡಿ. ಆಮೇಲೆ ನಾನು ಕಾಯೋ ಹಾಗಿಲ್ಲ."

ಮರಾಲ್ ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಯಾರಮ್ಮ ಮಾಡಿದ್ದು?"

"ನಾನೇ."

"ಕನ್ನಡಿ ನೋಡ್ಕೊಂಡು, ಸಾಲು ತಪ್ಪದೆ, ನಲವತ್ತು ಕಡೆ ನೀನೇ ಚುಚ್ಚಿಕೊಂಡ್ಯಾ?"

"ಹ್ಞೂಂ."

"ಕೆನ್ನೆ ಹೋಗುತ್ತೆ ಮಗಳೇ."

"ಹೇಳಿದ್ರೆ ಸೇರೋ ಮನೆ ಹೋಗುತ್ತೆ, ಅಕ್ಕಾ."

ಜೌರೆ ಹೊರಬಂದು ಬಾಗಿಲಾಳ ತೋಳು ಹಿಡಿದಳು. "ಗಂಡಿನ ಮನೆಗೆ ಯಾವಾಗ ಹೋಗಿದ್ಲು?"

"ಮೊನ್ನೆ ಶನಿವಾರ. ಅತ್ತೆ ಚಹಾಕ್ಕೆ ಕರೆಸಿಕೊಂಡಿದ್ರು. ವಾಪಸ್ ಬಂದಾಗ ಕೆನ್ನೆ ಕೆಂಪಗಿತ್ತು. ನಾಚಿಕೆ ಅಂದ್ಕೊಂಡೆ ನಾನು, ಕುರುಡಿ!"

11.50ಕ್ಕೆ ಜೌರೆ, ಸಾರ್ಜೆಂಟ್ ಎರ್ಮೆಕ್ ಇಬ್ಬರೂ ವರನ ತಾಯಿ ಕುಲ್ಯಾಶಳ ಮನೆಯಲ್ಲಿದ್ದರು. ಕೇಳುವ ಮೊದಲೇ ಚಹಾ ಬಂತು, ಕರಿದ ಬೌರ್ಸಾಕ್ ಬಂತು. ಎರ್ಮೆಕ್ ಒಂದನ್ನು ಬಾಯಿಗೆ ಹಾಕಿಕೊಂಡವನು ಕ್ಯಾಪ್ಟನ್ ಮುಖ ನೋಡಿ ಅಗಿಯುವುದನ್ನೇ ನಿಲ್ಲಿಸಿದ.

"ಅಪಾ, ಮುಖ ಒಳ್ಳೇ ಹೊಳೀತಿದೆ ನಿಮ್ದು," ಎಂದು ಜೌರೆ ಹಿರಿಯಳನ್ನು ಮಾತಿಗೆಳೆದಳು.

"ಥೂ ಥೂ ಅನ್ನೇ, ದೃಷ್ಟಿ ಆಗುತ್ತೆ! ಐವತ್ತೆಂಟು ಅಂದ್ರೆ ಯಾರೂ ನಂಬಲ್ಲ. ಎಲ್ಲಾ ನಮ್ಮ ಡಾಕ್ಟರಮ್ಮನ ಕೈಗುಣ."

"ಸೊಸೆಗೂ ಅದೇ ಕೈನಾ?"

"ಮತ್ತೆ? ನಾನೇ ಹಾಕಿಸಿದೆ. ಒಂದನೇ ತಾರೀಕು ನನಗೆ ಹಾಕಿ ಸಿರಿಂಜಿನಲ್ಲಿ ಅರ್ಧ ಉಳಿದಿತ್ತು. ಹಿರಿಯರು ಉಂಡು ಉಳಿಸಿದ್ದು ಕಿರಿಯರಿಗೆ ಸರ್ಕಿತ್, ಆಶೀರ್ವಾದ. ನಾನು ಕುಡಿದು ಬಿಟ್ಟ ಬಟ್ಟಲು ಕೊಡ್ತೀನಿ, ಇದು ಕೊಡಬಾರದಾ?"

"ಅದೇ ಸಿರಿಂಜು?"

"ಸೂಜಿ ಹೊಸದು! ಹನ್ನೆರಡು ದಿನ ಫ್ರಿಜ್ಜಿನಲ್ಲಿ ಬೆಣ್ಣೆ ಪಕ್ಕ ಜೋಪಾನವಾಗಿ ಇಟ್ಟಿದ್ದೆ."

ಜೌರೆ ಎದ್ದ ರಭಸಕ್ಕೆ ಚಹಾದ ಬಟ್ಟಲು ಮಗುಚಿತು. "ಜೋಪಾನ! ನಿಮ್ಮ ರಕ್ತ ಸೋಕಿದ್ದು, ಹನ್ನೆರಡು ದಿನ ಕೆಟ್ಟದ್ದು, ಅದನ್ನ ಆ ಹುಡುಗಿ ಮುಖಕ್ಕೆ ಚುಚ್ಚಿಸಿದ್ದೀರಿ. ಡಾಕ್ಟರಮ್ಮ ಯಾರು? ಸಿರಿಂಜೆಲ್ಲಿ?"

"ಅವರೇ ಒಯ್ದ್ರು. ಹೆಸರು ಹೇಳಲ್ಲ. ನಮ್ಮನೇಲಿ ಉಂಡವರನ್ನ ನಾನು ಪೊಲೀಸರಿಗೆ ಹಿಡಿದುಕೊಡಲ್ಲ."

ಜೌರೆ ಮರಾಲಳ ಚಿತ್ರವಿದ್ದ ಫೋನನ್ನು ಅವಳ ಮುಂದೆ ಹಿಡಿದಳು. ಕುಲ್ಯಾಶ್ ನೋಡಿದಳು. ಕಣ್ಣು ಆಚೆ ಸರಿಸಿದಳು, ಮತ್ತೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಹೆಸರು, ವಿಳಾಸ ಎರಡನ್ನೂ ಹೇಳಿ, "ಶನಿವಾರದ ಹೊತ್ತಿಗೆ ಪೌಡರ್ ಹಚ್ಚಿ ಮುಚ್ಚಬಹುದಾ?" ಎಂದು ಕೇಳಿದಳು.

ಜೌರೆ ವಿಳಾಸ ಬರೆದುಕೊಂಡು ಹೊರಟಳು. ಬಾಯಿ ತೆರೆದರೆ ಸಮವಸ್ತ್ರಕ್ಕೆ ತಕ್ಕ ಮಾತು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

1.35. ರಾಬಿಗಾ ಎಂಬಾಕೆಯ ನಾಲ್ಕನೇ ಮಹಡಿಯ ಮನೆ. ನಡುಮನೆಯ ಮಂಚದ ಮೇಲೆ ಇನ್ನೊಬ್ಬ ಹೆಂಗಸು ಮುಖಕ್ಕೆ ಜೋಮು ಹಿಡಿಸುವ ಕ್ರೀಮು ಬಳಿದುಕೊಂಡು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಸಿಕೊಂಡು ಮಲಗಿದ್ದಳು. "ಸರದಿ ಪ್ರಕಾರ ಬನ್ನಿ," ಎಂದು ತೊದಲಿದಳು.

"ಮುಖ ನೆಟ್ಟಗಿರೋವಾಗಲೇ ಎದ್ದು ಮನೆಗೆ ಹೋಗಿ ಅಕ್ಕಾ," ಎಂದ ಎರ್ಮೆಕ್.

ರಾಬಿಗಾಳಿಗೆ ಐವತ್ತೊಂದು. ಇಸ್ತ್ರಿ ಮಾಡಿದ ಬಿಳಿ ಕೋಟು, ಉಗುರು ಶುಚಿ.

"ಮರಾಲ್‌ಗೆ ಹಾಕಿದ ಸಿರಿಂಜು?"

"ಎಸೆದೆ. ಕಸದ ಗಾಡಿ ಒಯ್ತು."

"ಮದ್ದಿನ ಹೆಸರು?"

"ನೆನಪಿಲ್ಲ."

"ನೆನಪಿಲ್ಲದ್ದನ್ನ ಮುಖಕ್ಕೆ ಚುಚ್ತೀಯಾ?"

ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು 1.50ಕ್ಕೆ ಶೋಧ ಆರಂಭಿಸಿದರು. ಎರ್ಮೆಕ್ ಕಸದ ಬುಟ್ಟಿಯನ್ನು ಪತ್ರಿಕೆಯ ಮೇಲೆ ಸುರಿದು ಒಂದೊಂದಾಗಿ ಆರಿಸಿದ. ಕಪಾಟು, ಫ್ರಿಜ್ಜು, ಸ್ನಾನದ ಮನೆ ಎಲ್ಲ ಮುಗಿಯಿತು. ಏನೂ ಇಲ್ಲ. ಗಡಿಯಾರದಲ್ಲಿ 2.40.

ಜೌರೆ ಅಡುಗೆಮನೆಯ ನಡುವೆ ನಿಂತು, ತನ್ನ ಮನೆಯಲ್ಲಾದರೆ ತಾನು ಎಲ್ಲಿಡುತ್ತಿದ್ದೆ ಎಂದು ಯೋಚಿಸಿದಳು. ಊಟ ಮಿಕ್ಕರೆ, ರೊಟ್ಟಿಯ ಚೂರು ಬಿದ್ದರೆ ಆ ಊರಿನಲ್ಲಿ ಯಾರೂ ಕಸಕ್ಕೆ ಹಾಕುವುದಿಲ್ಲ. ಕಿಟಕಿಯ ಮೊಳೆಗೆ ಒಣಗಿದ ರೊಟ್ಟಿಯ ಬಟ್ಟೆಚೀಲ ತೂಗುತ್ತಿತ್ತು. ಪಂಚರ ಎದುರು ಕೈಗವಸು ಹಾಕಿದ ಕೈಯನ್ನು ಅದರೊಳಗಿಟ್ಟಳು. ರೊಟ್ಟಿಯ ತುಂಡುಗಳ ಕೆಳಗೆ, ಬಿಳಿ ಕಾಗದದಲ್ಲಿ ಸುತ್ತಿದ ಸಿರಿಂಜು. ತಳದಲ್ಲಿ ಒಂದು ಹನಿ. ಮದ್ದಿನ ಹೆಸರಿನ ಚೀಟಿ ಹರಿದಿರಲಿಲ್ಲ.

"ಅವರ ಸರ್ಕಿತ್ ಅದು," ಎಂದಳು ರಾಬಿಗಾ. "ಕಸಕ್ಕೆ ಹಾಕೋಕೆ ಕೈ ಬರಲಿಲ್ಲ."

"ಇದನ್ನ ಎಸೆಯೋಕೆ ಕೈ ಬರಲಿಲ್ಲ. ಅವಳಿಗೆ ಚುಚ್ಚೋಕೆ ಬಂತು!" ಜೌರೆಯ ದನಿಗೆ ಪಂಚರಿಬ್ಬರೂ ಹಿಂದೆ ಸರಿದರು.

2.55ಕ್ಕೆ ಪಂಚನಾಮೆಗೆ ಸಹಿಯಾಯಿತು. 3.25ಕ್ಕೆ ವೈದ್ಯರು ಚೀಟಿ ಓದಿ, "ಕರಗೋದೇ," ಎಂದು ಒಳಗೋಡಿದರು.

ಆರು ಗಂಟೆಯ ಹೊತ್ತಿಗೆ ಕಪ್ಪಿನ ಅಂಚು ಕೆಂಪಿಗೆ ತಿರುಗಿತ್ತು. ಕೊಯ್ಯಬೇಕಾಗಿರಲಿಲ್ಲ. ಕಲೆ ಮಾತ್ರ ಉಳಿಯುತ್ತದೆ ಎಂದರು. ಮರಾಲಳ ರಕ್ತವನ್ನೂ ಕುಲ್ಯಾಶಳ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಮರಾಲ್ ದಿಂಬಿಗೊರಗಿ ಕೂತು, "ಬರ್ಕೊಳ್ಳಿ ಅಕ್ಕಾ," ಎಂದು ಎಲ್ಲವನ್ನೂ ಹೇಳಿ ಸಹಿ ಮಾಡಿದಳು. ಆಮೇಲೆ ಬಾಗಿಲಾಳ ಕಡೆ ತಿರುಗಿದಳು. "ಶನಿವಾರ ಬೇಡ ಅಂತ ಅವರಿಗೆ ಹೇಳಿಬಿಡು ಅತ್ತಿಗೆ. ಮುಂದಿನದು ಆಮೇಲೆ ನೋಡೋಣ. ನಾನೇ ಹೇಳಿದೆ ಅಂತ ಹೇಳು."

6.40ಕ್ಕೆ ರಾಬಿಗಾಳ ಬಂಧನವಾಯಿತು. ಪರವಾನಗಿ ಇಲ್ಲದೆ ಚಿಕಿತ್ಸೆ, ಅದರಿಂದ ಗಾಯ. ಕುಲ್ಯಾಶಳ ಮೇಲೆ ಕೇಸು ಹಾಕಲು ಜೌರೆ ಕಾನೂನಿನ ಪುಸ್ತಕವನ್ನು ಎರಡು ಸಲ ತಿರುವಿದಳು. ಆಶೀರ್ವಾದ ಮಾಡಿದವಳಿಗೆ ಅದರಲ್ಲಿ ಕಲಮು ಇರಲಿಲ್ಲ. ಪುಸ್ತಕವನ್ನು ಮೇಜಿಗೆ ಬಡಿದು ಮುಚ್ಚಿದಳು.

ರಾಬಿಗಾಳ ಹೇಳಿಕೆ ಬರೆದುಕೊಳ್ಳುವಾಗ ಒಂದೇ ಪ್ರಶ್ನೆ ಉಳಿದಿತ್ತು.

"ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗೆ ಹಾಕಬಾರದು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದೆ, ಗೊತ್ತಿರಲ್ವಾ?"

"ಮತ್ತೆ?"

ರಾಬಿಗಾ ತನ್ನ ಶುಚಿಯಾದ ಉಗುರುಗಳನ್ನೇ ನೋಡುತ್ತ ಹೇಳಿದಳು: "ಆ ವಾರ್ಡಿನಲ್ಲಿ ಯಾರೂ ಒಂದಿನ ಕೂತ್ಕೋ ಅನ್ನಲಿಲ್ಲ. ಆ ಮನೇಲಿ ಎಲ್ಲರಿಗಿಂತ ಮೇಲೆ, ನಡುಗೋಡೆಗೆ ಒರಗಿಸಿ ಕೂರಿಸಿದ್ರು. ದೊಡ್ಡ ಅತಿಥಿಗೆ ಇಡೋ ಬೇಯಿಸಿದ ಕುರಿತಲೆ ನನ್ನ ಮುಂದಿಟ್ಟು, ಡಾಕ್ಟರಮ್ಮ ನೀವೇ ಕೊಯ್ದು ಹಂಚಿ ಅಂದ್ರು. ಆಮೇಲೆ ಅವರು ಆ ಸಿರಿಂಜು ತಂದ್ರು. ಬೇಡ ಅನ್ನೋಕೆ ಬಾಯಿ ತೆಗೆದೆ. ಬೇಡ ಅಂದಿದ್ರೆ ಅಲ್ಲಿಂದ ಏಳಬೇಕಾಗ್ತಿತ್ತು."

ಜೌರೆ ಒಂದಕ್ಷರ ಬಿಡದೆ ಬರೆದುಕೊಂಡಳು. ಅವಳ ಸಿಟ್ಟು ಇಳಿದಿರಲಿಲ್ಲ, ಇಳಿಸಿಕೊಳ್ಳಲೂ ಇಲ್ಲ. ಕಾಗದದ ಕೊನೆಯಲ್ಲಿ ವೃತ್ತಿ ಎಂಬ ಸಾಲು ಖಾಲಿ ಉಳಿದಿತ್ತು.

"ಏನಂತ ಬರೀಲಿ?"

"ನರ್ಸು," ಎಂದಳು ರಾಬಿಗಾ.