ಮೂರೂವರೆ ಗಂಟೆಯ ಬಿಸಿ

ಬಾಗಿಲು ತೆಗೆದವಳೇ ನೆಸ್ಟಾ ಹಾಗೇ ನಿಂತುಬಿಟ್ಟಳು.

ಹೊಸ್ತಿಲಲ್ಲಿ ಉಪಕರಣದ ಪೆಟ್ಟಿಗೆ ಹಿಡಿದು ನಿಂತಿದ್ದವಳು ಡೆಲಿತ್. ಗ್ವಿಲಿಮ್‌ನ ಮೊದಲ ಹೆಂಡತಿ! ಫೋಟೋದಲ್ಲಿ ಒಮ್ಮೆ ನೋಡಿದ್ದ ಮುಖ. ಫೋಟೋಗಿಂತ ಚೆನ್ನಾಗಿದ್ದಾಳೆ, ಅದು ಬೇರೆ ಉರಿ.

"ಬಾಯ್ಲರ್ ನೋಡೋಕೆ ಬಂದೆ. ಗ್ವಿಲಿಮ್ ಫೋನ್ ಮಾಡಿದ್ದ. ಶನಿವಾರ ಕಾರ್ಮಾರ್ಥನ್ ಊರಲ್ಲಿ ಬೇರೆ ಯಾರೂ ಸಿಗಲಿಲ್ವಂತೆ."

"ಅವನು ಬಸ್ ಡ್ಯೂಟಿಗೆ ಹೋಗಿದ್ದಾನೆ. ಬರೋದು ಮಧ್ಯಾಹ್ನ."

"ನಂಗೆ ಬೇಕಿರೋದು ಬಾಯ್ಲರ್, ಅವನಲ್ಲ," ಎಂದು ನಕ್ಕ ಡೆಲಿತ್ ಶೂ ಒರೆಸಿಕೊಂಡು ನೇರ ಮೆಟ್ಟಿಲು ಹತ್ತಿದಳು.

ಮನೆ ಬಿಸಿಮಾಡುವ ಬಾಯ್ಲರ್ ಇರುವ ಬೀರು ಎಲ್ಲಿದೆ ಎಂದು ಕೇಳಲೂ ಇಲ್ಲ. ಅದರ ಬಾಗಿಲು ಅಂಟಿಕೊಳ್ಳುತ್ತದೆ, ಮೊಣಕಾಲಿನಿಂದ ಒತ್ತಿ ಎಳೆಯಬೇಕು. ಇದನ್ನು ಕಂಡುಕೊಳ್ಳಲು ನೆಸ್ಟಾಗೆ ಎರಡು ತಿಂಗಳು ಹಿಡಿದಿತ್ತು. ಡೆಲಿತ್ ಹೋದವಳೇ ಮೊಣಕಾಲು ಕೊಟ್ಟಳು.

ನೆಸ್ಟಾಳ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಮದುವೆಯಾಗಿ ಎಂಟು ತಿಂಗಳಾಯಿತು. ಆದರೂ ನಾನೇ ಹೊರಗಿನವಳು, ಇವಳೇ ಮನೆಯವಳು...

ಅಕ್ಟೋಬರ್ ಕೊನೆಯಲ್ಲಿ, ಚಳಿಗಾಲಕ್ಕೆಂದು ಊರೆಲ್ಲ ಗಡಿಯಾರ ಒಂದು ಗಂಟೆ ಹಿಂದಕ್ಕಿಡುವ ಭಾನುವಾರ, ಗ್ವಿಲಿಮ್ ಬಾಯ್ಲರ್ ಚಾಲೂ ಮಾಡಿ ಅದರ ಟೈಮರ್ ಹೊಂದಿಸಿದ್ದ. ಅಂದಿನಿಂದ ಬೆಳಗಿನ ಜಾವ ಮೂರೂವರೆಗೆ ಮನೆ ಬಿಸಿಯಾಗುತ್ತಿತ್ತು. ನೆಸ್ಟಾ ಏಳುವಷ್ಟರಲ್ಲಿ ಮತ್ತೆ ತಣ್ಣಗೆ. ಕೇಳಿದರೆ "ಟೈಮರ್ ಕೆಟ್ಟಿದೆ" ಎಂದಷ್ಟೇ ಅವನ ಉತ್ತರ. ಆದರೆ ಪಕ್ಕದ ಮನೆಯ ಅಜ್ಜಿ ಬಾಯಿಬಿಟ್ಟಿದ್ದಳು: ಈ ಮನೆಯಲ್ಲಿದ್ದಾಗ ಬೇಕರಿಯಲ್ಲಿ ಕೆಲಸಕ್ಕಿದ್ದ ಡೆಲಿತ್ ಏಳುತ್ತಿದ್ದುದು ಸರಿಯಾಗಿ ಮೂರೂವರೆಗೆ.

ಕೆಟ್ಟಿರುವುದು ಟೈಮರ್ ಅಲ್ಲ, ಅವನ ಮನಸ್ಸು. ಡೆಲಿತ್ ಏಳುವ ಹೊತ್ತಿಗೇ ಈ ಮನೆ ಬೆಚ್ಚಗಾಗುವುದು ನಿಜವಾದರೆ, ಇವತ್ತೇ ಅಕ್ಕನ ಮನೆಗೆ ಹೊರಟುಬಿಡುತ್ತೇನೆ ಎಂದು ನೆಸ್ಟಾ ನಿಶ್ಚಯಿಸಿದ್ದಳು.

"ಟೈಮರ್ ಚೆನ್ನಾಗೇ ಇದೆ," ಎಂದಳು ಡೆಲಿತ್, ಟಾರ್ಚ್ ಬಿಟ್ಟು ನೋಡುತ್ತ.

ಹಾಗಾದರೆ ಮೂರೂವರೆ ಬೇಕೆಂದೇ ಇಟ್ಟದ್ದು, ಎಂದುಕೊಂಡಳು ನೆಸ್ಟಾ.

"ಅದರ ಗಡಿಯಾರದ ಡಯಲ್ ಮಾತ್ರ ಎರಡು ಗಂಟೆ ಮುಂದಿದೆ. ಒಂದು ಗಂಟೆ ಹಿಂದಕ್ಕಿಡೋ ಬದಲು ಒಂದು ಗಂಟೆ ಮುಂದಕ್ಕಿಟ್ಟಿದ್ದಾನೆ ಪುಣ್ಯಾತ್ಮ. ಇದು ಹಿಂದಕ್ಕೆ ತಿರುಗಲ್ಲ ನೋಡಿ. ಒಂದು ಗಂಟೆ ಹಿಂದೆ ಹೋಗ್ಬೇಕಂದ್ರೆ ಇಪ್ಪತ್ಮೂರು ಗಂಟೆ ಮುಂದಕ್ಕೆ ಸುತ್ತಬೇಕು. ಅಷ್ಟು ತಾಳ್ಮೆ ಅವನಿಗೆಲ್ಲಿ?"

"ಅವನ ತಾಳ್ಮೆ ಎಷ್ಟೂಂತ ನಂಗೂ ಗೊತ್ತು," ನೆಸ್ಟಾ ಚುರುಕಾಗಿ ಹೇಳಿದಳು. "ಅವನು ಬಿಸಿ ಇಟ್ಟಿರೋದು ಎಷ್ಟು ಗಂಟೆಗೆ? ಅದನ್ನ ಹೇಳಿ."

"ಐದೂವರೆಗೆ. ಹೊತ್ತು ಗುರುತಿಸೋ ಪಿನ್ ಇಲ್ಲೇ ಇದೆಯಲ್ಲ; ಡಯಲ್ ಎರಡು ಗಂಟೆ ಮುಂದಿರೋದಕ್ಕೆ ಮೂರೂವರೆಗೇ ಹಚ್ಕೊಳ್ತಿದೆ. ನೀವು ಏಳೋದು ಎಷ್ಟೊತ್ತಿಗೆ?"

"ಐದೂ ಮುಕ್ಕಾಲಿಗೆ. ಶಾಲೆ ಅಡುಗೆಮನೇಲಿ ಕೆಲಸ ನಂದು."

ಡೆಲಿತ್ ಡಯಲ್‌ನಿಂದ ಕೈ ತೆಗೆದಳು. ಟಾರ್ಚ್ ಆರಿಸಿದಳು.

ನೆಸ್ಟಾಗೆ ತಡೆಯಲಾಗಲಿಲ್ಲ. "ಮೂರೂವರೆ ನಿಮ್ಮ ಹೊತ್ತಲ್ವಾ?"

"ನನ್ನ ಹೊತ್ತಾ? ಒಂಬತ್ತು ವರ್ಷ ಈ ಮನೇಲಿ ಕೋಟು ಹಾಕ್ಕೊಂಡು ಟೀ ಕುಡಿದಿದ್ದೀನಿ. ನನಗೋಸ್ಕರ ಒಂದು ದಿನ ಬಾಯ್ಲರ್ ಹಚ್ಚಿದವನಲ್ಲ. ಕೇಳಿದ್ರೆ, ಇನ್ನೊಂದು ಸ್ವೆಟರ್ ಹಾಕ್ಕೋ ಅಂತಿದ್ದ. ಆ ಚಳಿಯೇ ನಂಗೆ ಈ ಕೆಲಸ ಕಲಿಸಿದ್ದು." ಡೆಲಿತ್ ನಗಲು ಹೋದಳು, ಆಗಲಿಲ್ಲ. "ನಿಜ ಹೇಳ್ಲಾ? ನಿಮ್ಮನ್ನ ನೋಡಿದ್ರೆ ಈಗ ನಂಗೆ ಹೊಟ್ಟೆ ಉರೀತಿದೆ."

ನೆಸ್ಟಾ ಬೀರುವಿನ ಬಾಗಿಲು ಹಿಡಿದು ನಿಂತಳು. ತಾನು ಮೂರು ವಾರ ಯಾರ ಮೇಲೆ ಕುದಿಯುತ್ತಿದ್ದಳೋ ಅವಳೇ ಇಲ್ಲಿ ಚಳಿಗೆ ನಡುಗಿದವಳು!

"ತಿರುಗಿಸಿ," ಡೆಲಿತ್ ಪಕ್ಕಕ್ಕೆ ಸರಿದಳು. "ಇಪ್ಪತ್ತೆರಡು ಗಂಟೆ. ನಿಮ್ಮ ಮನೆ, ನೀವೇ ತಿರುಗಿಸಿ."

ಮಧ್ಯಾಹ್ನ ಗ್ವಿಲಿಮ್ ಬಂದಾಗ ನೆಸ್ಟಾ ಅಡುಗೆಮನೆಯಲ್ಲಿ ಸುಮ್ಮನೆ ಕುಳಿತಿದ್ದಳು.

"ಡೆಲಿತ್‌ನ ಕರೆಸಿದ್ದಕ್ಕೆ ಕೋಪಾನಾ?" ಎಂದ ಅವನು, ಟೋಪಿ ಕೈಯಲ್ಲೇ ಹಿಡಿದು.

"ಐದೂವರೆಗೆ ಇಟ್ಟಿದ್ದೆ ಅಂತ ಯಾಕೆ ಹೇಳಲಿಲ್ಲ?"

"ಹೇಳೋದೇನಿದೆ ಚಿನ್ನ? ನೀನು ಏಳೋ ಹೊತ್ತಿಗೆ ಮನೆ ಬೆಚ್ಚಗಿರಲಿ ಅಂತ ಇಟ್ಟೆ. ಅದೂ ಕೆಟ್ಟುಹೋಯ್ತು. ಯಾವ ಮುಖ ಇಟ್ಕೊಂಡು ಹೇಳ್ಲಿ..."

"ಅವಳಿಗೆ ಯಾಕೆ ಇಡಲಿಲ್ಲ?"

ಗ್ವಿಲಿಮ್ ಕುರ್ಚಿ ಎಳೆದು ಕುಳಿತ. ಟೋಪಿಯನ್ನು ಮೇಜಿನ ಮೇಲಿಟ್ಟ.

"ಆಗ ಬುದ್ಧಿ ಇರಲಿಲ್ಲ. ಅವಳು ಹೋದ ಮೇಲೆ ಬಂತು. ನಿನ್ನನ್ನೂ ಹಾಗೇ ಕಳ್ಕೊಂಡುಬಿಟ್ರೆ ಅಂತ ಭಯ ಆಗುತ್ತೆ ನೆಸ್ಟಾ. ನೀನಂದ್ರೆ ನಂಗೆ ಅಷ್ಟು ಇಷ್ಟ."

ಅವಳ ಕಣ್ಣು ತುಂಬಿ ಬಂತು. ಎಂಟು ತಿಂಗಳಲ್ಲಿ ಅವನು ಇಷ್ಟು ಮಾತಾಡಿದ್ದೇ ಇಲ್ಲ. ಅಕ್ಕನ ಮನೆಯ ಯೋಚನೆ ನೆನೆದು ಅವಳಿಗೇ ನಾಚಿಕೆಯಾಯಿತು.

"ತಪ್ಪಾಯ್ತು ಅಂತ ಅವಳಿಗೆ ಯಾವತ್ತಾದ್ರೂ ಹೇಳಿದ್ದೀಯಾ?"

"ಇಲ್ಲ."

"ಈಗಲೇ ಫೋನ್ ಮಾಡಿ ಹೇಳು. ನಾನು ಪಕ್ಕದಲ್ಲೇ ಕೂತಿರ್ತೀನಿ."

"ಪಕ್ಕದಲ್ಲಿ ಯಾಕೆ?"

"ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ, ಅದಕ್ಕೆ," ಎಂದು ನೆಸ್ಟಾ ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.