ಕೆಂಪು ದಾರದ ಚರಗಿ

ಮುಳುಗುವವನ ಕೂದಲು ಹಿಡಿದು ಎಳೆಯುವಾಗ ಯಾರೂ ಜಾತಿ ಕೇಳುವುದಿಲ್ಲ. ಪ್ರೇರಣಾಳೂ ಕೇಳಲಿಲ್ಲ.

ಸಾಂಗ್ಲಿವಾಡಿಯ ಕೃಷ್ಣೆಯ ದಂಡೆ. ಬೆಳಗಿನ ಏಳು ಗಂಟೆ. ಹಳದಿ ದೋಣಿಯೊಂದು ಮಗುಚಿ ಬಿದ್ದಿತ್ತು. ಅದರಲ್ಲಿದ್ದವನು ಸೆಳವಿಗೆ ಸಿಕ್ಕು ಎರಡು ಸಲ ಒಳಗೆ ಹೋಗಿ ಬಂದಿದ್ದ. ಕುಪವಾಡದ ಕಾರ್ಖಾನೆಗೆ ಹೊರಟಿದ್ದವಳು ಡಬ್ಬಿ ಚೀಲ ಎಸೆದು, ಹಾಕಿಕೊಂಡ ಬಟ್ಟೆಯಲ್ಲೇ ಹಾರಿದಳು.

"ಈಜು ಬರೂದಿಲ್ಲೇನ?" ದಂಡೆಗೆ ಎಳೆದು ಹಾಕಿ ಕೇಳಿದಳು.

"ಬರ್ತೈತಿ... ಸೆಳವು ಗೊತ್ತಾಗಲಿಲ್ಲ."

"ಹೊಳಿ ದಂಡಿ ಮ್ಯಾಲ ಹುಟ್ಟಿ ಸೆಳವು ಗೊತ್ತಿಲ್ಲಂದ್ರ ಹ್ಯಾಂಗ? ಯಾರ ಮಗ ನೀ?"

"ಗಾಣದ ಶಾಂತಿನಾಥರ ಮಗ. ಧೀರಜ."

ಅವಳ ಕೈ ತಟ್ಟನೆ ಸಡಿಲಾಯಿತು.

ಶಾಂತಿನಾಥರ ಗಾಣದ ಮನೆ ಅವಳಿಗೆ ಚೆನ್ನಾಗಿ ಗೊತ್ತು. ಅವಳ ಅವ್ವ ಕಾಡವ್ವ ಇಂಡಿ ಕಡೆಯಿಂದ ಕೂಲಿಗೆ ಬಂದವಳು, ಇಪ್ಪತ್ತು ವರ್ಷದಿಂದ ಅಲ್ಲೇ ಕಬ್ಬಿನ ಸಿಪ್ಪೆ ಹರವುತ್ತಾಳೆ. ಅಲ್ಲಿ ಹೊರಗಿನ ಗೋಡೆಯ ಮೊಳೆಗೆ ಒಂದು ಹಿತ್ತಾಳೆ ಚರಗಿ ತೂಗುತ್ತದೆ. ಕೊರಳಿಗೆ ಕೆಂಪು ದಾರ ಕಟ್ಟಿದ್ದು. ಕಾಡವ್ವನಂಥವರು ನೀರು ಕುಡಿಯುವ ಚರಗಿ ಅದು. ಬೇರೆ ಯಾರೂ ತಪ್ಪಿ ಮುಟ್ಟಬಾರದೆಂದೇ ಆ ದಾರ.

"ಹುಟ್ಟು ಹಾಕೂದು ನೀ ಎಲ್ಲಿ ಕಲತಿ?" ಮಗುಚಿದ್ದ ದೋಣಿಯನ್ನು ಅವಳು ನೆಟ್ಟಗೆ ಮಾಡಿ, ಹುಟ್ಟು ಹಾಕುತ್ತ ದಂಡೆಗೆ ತಂದ ರೀತಿ ನೋಡಿ ಅವನು ಬೆರಗಾಗಿದ್ದ.

"ಮಹಾಪೂರದಾಗ. ನಿಮ್ಮ ಬೆಲ್ಲದ ಕೊಪ್ಪರಿಗಿಯೊಳಗ ಕುಂತು ಮಂದಿ ದಾಟಸೇನ್ರಿ. ನಿಮ್ಮ ಅಜ್ಜಿನ್ನೂ. ಆಗ ನೀವೆಲ್ಲಿದ್ರಿ?"

"ಪುಣೆದಾಗ. ಕಾಲೇಜು."

"ಹಂಗಾದ್ರ ಬಿಡ್ರಿ."

ಮಹಾಪೂರದ ಆ ದಿನ ಅವನ ಅಜ್ಜಿ ಜಿನಮತಿ ಪ್ರೇರಣಾಳ ಹೆಗಲು ಹಿಡಿದೇ ಕೊಪ್ಪರಿಗೆಯಿಂದ ಇಳಿದಿದ್ದಳು. ನೀರು ಇಳಿಯಿತು. ಚರಗಿಯ ದಾರ ಇಳಿಯಲಿಲ್ಲ.

*

ನವೆಂಬರಿನಲ್ಲಿ ಒಂದು ಪೈಪೋಟಿ. ಹೊಳೆಯಲ್ಲಿ ದೋಣಿ, ಮಿರಜ ದಾಟಿ ದಂಡೋಬಾ ಗುಡ್ಡದವರೆಗೆ ಸೈಕಲ್, ಆಮೇಲೆ ನಕಾಶೆ ಹಿಡಿದು ಗುಡ್ಡದ ಕಾಡಿನಲ್ಲಿ ಓಟ. ತಂಡಕ್ಕೆ ಮೂವರು, ಒಬ್ಬಳು ಹೆಣ್ಣು ಕಡ್ಡಾಯ. ಸಂಜೆ ಏಳರೊಳಗೆ ಮೂವರೂ ಕೂಡಿಯೇ ಕೊನೆಯ ಗೆರೆ ದಾಟಬೇಕು. ಒಬ್ಬರು ಹಿಂದೆ ಉಳಿದರೂ ತಂಡ ಹೊರಗೆ.

ಧೀರಜ ಅವಳನ್ನು ಕೇಳಿದ. ಅವಳು ಒಪ್ಪಿದಳು. ಮೂರನೆಯವನು ಅವನ ಗೆಳೆಯ ಅಭಿಜಿತ.

ಎಂಟು ತಿಂಗಳ ತಾಲೀಮು... ಅದರ ನಡುವೆ 'ರಿ' ಹೋಗಿ 'ನೀ' ಬಂತು. ಮೇ ತಿಂಗಳ ಒಂದು ರಾತ್ರಿ ಮಿರಜ ಸ್ಟೇಷನ್ನಿನ ಮುಂದೆ ಒಂದೇ ತಾಟಿನಲ್ಲಿ ಮಿಸಳ ತಿನ್ನುತ್ತ ಅವನು ಹೇಳಿಬಿಟ್ಟ.

"ಗೆರಿ ದಾಟಿದ ಕೂಡ್ಲೆ ಅಪ್ಪನ ಮುಂದ ನಿನ್ನ ಕೈ ಹಿಡೀತೇನಿ. ಈಕಿನ್ನ ಲಗ್ನ ಆಗ್ತೇನಿ ಅಂತ ಹೇಳ್ತೇನಿ."

"ದಾಟಲಿಲ್ಲಂದ್ರ?"

"ದಾಟ್ತೇವಿ."

ಪ್ರೇರಣಾ ಅಂದಿನಿಂದ ಓಡಿದ್ದು ಆ ಒಂದು ಗೆರೆಗಾಗಿ. ಬಹುಮಾನ ಬೇಕಾದವರು ತಗೊಳ್ಳಲಿ. ಅವಳಿಗೆ ನಾಲ್ಕು ಮಂದಿಯ ಎದುರು ತನ್ನ ಹೆಸರು ಅವನ ಬಾಯಲ್ಲಿ ಕೇಳಬೇಕಿತ್ತು.

*

ಪೈಪೋಟಿಯ ದಿನ ಹೊಳೆಯಲ್ಲಿ ಅವಳದೇ ದರಬಾರು. ಸೆಳವಿನ ಸಂದು ಹುಡುಕಿ ದೋಣಿ ನುಗ್ಗಿಸಿದಳು.

"ಲೇ ಧೀರ್ಯಾ," ಅಭಿಜಿತ ಏದುಸಿರಿನಲ್ಲೇ ನಕ್ಕ, "ಹೆಣ್ಣ ಕಡ್ಡಾಯ ಅಂದಾಗ ಬೈದಿದ್ದೆ ನೋಡು. ಈಕಿ ಬದಲಿ ಇನ್ನೊಬ್ಬಾಕಿ ಇದ್ದಿದ್ರ ಇಷ್ಟೊತ್ತಿಗೆ ಸೋತು ಮನ್ಯಾಗ ಮಲಗತಿದ್ವಿ."

ಗುಡ್ಡ ಏರುವಾಗ ಧೀರಜ ಸೋಲತೊಡಗಿದ. ಬಲವಿದ್ದವರು ಬಳಲಿದವರನ್ನು ಸೊಂಟದ ಹಗ್ಗದಿಂದ ಎಳೆಯಬಹುದು, ನಿಯಮ ಒಪ್ಪುತ್ತದೆ. ಪ್ರೇರಣಾ ತನ್ನ ಹಗ್ಗದ ಕೊಕ್ಕೆಯನ್ನು ಅವನ ಸೊಂಟದ ಪಟ್ಟಿಗೆ ಸಿಕ್ಕಿಸಿ ಗಾಣದ ಎತ್ತಿನ ಹಾಗೆ ಎಳೆದಳು. ಸೂರ್ಯ ಮುಳುಗಿದ. ಮೂವರ ಹಣೆಯ ಮೇಲೂ ಬ್ಯಾಟರಿ ಹತ್ತಿತು.

ಕೆಳಗೆ ಗೆರೆಯ ದೀಪಗಳು ಕಂಡವು. ಇನ್ನೂರು ಹೆಜ್ಜೆ, ಅಷ್ಟೇ. ಧೀರಜ ಮುಗ್ಗರಿಸಿದ. ತುಟಿಗಳು ಒಡೆದು ಬಿಳಿಚಿದ್ದವು.

ಅವಳು ತನ್ನ ಬಾಟಲಿ ತೆಗೆದು ಅವನ ಬಾಯಿಯ ಹತ್ತಿರ ಹಿಡಿದಳು.

ಅವನು ಮುಖ ತಿರುಗಿಸಿದ. ಅಂಗೈ ಅಡ್ಡ ಹಿಡಿದ.

"ಬ್ಯಾಡ."

"ಒಂದ ಗುಟುಕ..."

"ಬ್ಯಾಡಂದ್ನೆಲ್ಲ."

ಆ ಅಂಗೈ. ಅದನ್ನು ಅವಳು ಎಲ್ಲೆಲ್ಲಿ ನೋಡಿರಲಿಲ್ಲ... ಶಾಲೆಯಲ್ಲಿ, ಅಂಗಡಿಯಲ್ಲಿ, ಗಾಣದ ಮನೆಯಲ್ಲಿ. ಎಂಟು ತಿಂಗಳು ಅವನು ಅವಳ ಕೈ ಹಿಡಿದಿದ್ದ, ಹೋಟೆಲ್ಲಿನ ತಾಟು ಹಂಚಿಕೊಂಡಿದ್ದ. ಅವಳ ಮನೆಯ ನೀರು ಕುಡಿಯುವ ಪ್ರಸಂಗ ಮಾತ್ರ ಬಂದಿರಲಿಲ್ಲ. ಬಂದಿರಲಿಲ್ಲವೋ, ಬಾರದ ಹಾಗೆ ನೋಡಿಕೊಂಡಿದ್ದನೋ?

ಅವಳು ಕೊಕ್ಕೆ ಬಿಚ್ಚಿ, ಕಲ್ಲಿನ ಮೇಲೆ ಕೂತಳು.

"ಏಳs ಪ್ರೇರಣಾ, ಹದಿನೈದ ನಿಮಿಷ ಐತಿ ಇನ್ನ," ಅಭಿಜಿತ ಚಡಪಡಿಸಿದ.

"ನನ್ನ ಕಾಲು ಬೇಕು ನಿಮಗ. ನನ್ನ ನೀರು ಬ್ಯಾಡ. ಹೋಗ್ರಿ, ನೀವಿಬ್ಬರ ದಾಟ್ರಿ. ಹೆಣ್ಣಿನ ಜಾಗಾದಾಗ ಒಂದು ಬೊಂಬಿ ನಿಲ್ಲಸ್ರಿ."

ಧೀರಜ ಅವಳ ಎದುರು ಕುಸಿದು ಕೂತ. ಆಗ ಅವನಿಗೆ ಅರ್ಥವಾಯಿತು.

"ನಮ್ಮ ಜೈನರ ಚಾತುರ್ಮಾಸದ ವ್ರತ ಐತಿ ನಂದು. ಅಜ್ಜಿ ಸಲುವಾಗಿ ಹಿಡದೇನಿ. ಹೊತ್ತು ಮುಳುಗಿದ ಮ್ಯಾಲ ಹನಿ ನೀರೂ ಮುಟ್ಟೂದಿಲ್ಲ. ಬೆಳಗ ಆಗೂಮಟ."

"ಮೇ ತಿಂಗಳದಾಗ ರಾತ್ರಿ ಎಂಟಕ್ಕ ಮಿಸಳ ತಿಂದಿ."

"ಅದು ಮೇ. ವ್ರತ ಹಿಡದದ್ದು ಆಷಾಢದಾಗ. ಆಮ್ಯಾಲ ನಾವು ಸಂಜಿಗೆ ಕೂಡೇ ಇಲ್ಲ, ಬರೀ ಮುಂಜಾನಿ ತಾಲೀಮು. ನಗ್ತೀರಿ ಅಂತ ಹೇಳಲಿಲ್ಲ."

"ಖರೇನ ಐತಿ," ಅಭಿಜಿತ ತಲೆ ಕೆರೆದ. "ಈಗ ಸ್ವಲ್ಪ ಹೊತ್ತಿನ ಹಿಂದ ನನ್ನ ಬಾಟ್ಲಿನೂ ಒಲ್ಲೆ ಅಂದ. ಹೊಟ್ಟಿ ಕೆಟ್ಟೈತಿ ಅನ್ಕೊಂಡೆ ನಾ."

ಪ್ರೇರಣಾಳ ಎದೆಯಿಂದ ಬಂಡೆ ಸರಿದಂತಾಯಿತು. ಎದ್ದಳು. ಹನ್ನೆರಡು ನಿಮಿಷ ಉಳಿದಿತ್ತು. ಸಾಕಾಗಿತ್ತು.

"ತಪ್ಪಾತು ನಂದು. ನಿಮ್ಮ ಗಾಣದ ಚರಗಿ ಕಣ್ಣ ಮುಂದ ಬಂತು. ಆ ದಾರ ಕಟ್ಟಿದ ಕೈಗೂ ನಿನ್ನ ಕೈಗೂ ಫರಕ ಇಲ್ಲಂತ ಅನ್ಕೊಂಡೆ... ಏಳು."

ಧೀರಜ ಏಳಲಿಲ್ಲ.

ಓದುಗರೇ, ಅವನು ಎದ್ದುಬಿಡಬಹುದಿತ್ತು. ಎದ್ದಿದ್ದರೆ ಈ ಕತೆ ಅಲ್ಲೇ ಸುಖವಾಗಿ ಮುಗಿಯುತ್ತಿತ್ತು, ಸುಳ್ಳಿನ ಮೇಲೆ ಮುಗಿಯುವ ಎಷ್ಟೋ ಲಗ್ನಗಳ ಹಾಗೆ.

"ಫರಕ ಇಲ್ಲ," ಅಂದ. "ಆ ದಾರ ಕಟ್ಟಿದಾಂವ ನಾನ."

ಅವಳು ನಿಂತಲ್ಲೇ ನಿಂತಳು.

"ಒಂಬತ್ತು ವರ್ಷದಾಂವ ಇದ್ದೆ. ಅಜ್ಜಿ ದಾರ ಕೊಟ್ಲು. ಕೂಲಿಯವರದು ಯಾವುದು ಗೊತ್ತಾಗಲಿ, ಗಟ್ಟಿ ಕಟ್ಟು ಅಂದ್ಲು. ಗಂಟು ಚಲೋ ಬಂತಂತ ಅಪ್ಪ ಬೆನ್ನ ಚಪ್ಪರಸಿದ. ಭಾಳ ಖುಷಿ ಆಗಿತ್ತು ನನಗ."

"ದೊಡ್ಡಾಂವ ಆದ ಮ್ಯಾಲ?"

"ದಿನಾ ನೋಡ್ತಿದ್ದೆ."

"ಬಿಚ್ಚಲಿಲ್ಲ."

"ಬಿಚ್ಚಲಿಲ್ಲ."

"ಯಾಕ?"

ಅವನು ಕಾಲ ಬಳಿಯ ಹುಲ್ಲು ಒಂದೊಂದೇ ಕಿತ್ತ. "ಯಾರೂ ಕೇಳಲಿಲ್ಲ," ಎಂದ.

ಅವಳು ಮತ್ತೆ ಕಲ್ಲಿನ ಮೇಲೆ ಕೂತಳು. ಅಭಿಜಿತ ಗಡಿಯಾರ ನೋಡಿದ, ಇಬ್ಬರನ್ನೂ ನೋಡಿದ, ಮತ್ತೆ ಗಡಿಯಾರ ನೋಡಿದ.

ಧೀರಜ ಒಮ್ಮೆಲೇ ಅವಳ ಕೈಯ ಬಾಟಲಿಗೆ ಕೈ ಹಾಕಿದ. "ಕೊಡು. ಈಗ ಕುಡೀತೇನಿ. ವ್ರತ ಮುರದ್ರ ಮುರೀಲಿ."

ಅವಳು ಬಾಟಲಿ ಹಿಂದೆ ಎಳೆದುಕೊಂಡಳು.

"ಮುರದು ಕುಡದ್ರ ತ್ಯಾಗ ಆಗ್ತೈತಿ ಅದು. ಊರೆಲ್ಲ ನಿನ್ನ ಹೊಗಳತೈತಿ. ನಮ್ಮ ನೀರು ಕುಡಿಯೂದು ತ್ಯಾಗ ಅಲ್ಲ ಧೀರಜ. ನೀರಡಿಸಿದಾಗ ನೀರು ಕುಡಿಯೂದು, ಅಷ್ಟ."

ಕೆಳಗೆ ಹೊತ್ತು ಮುಗಿದ ಸೈರನ್ನಿನ ಭೋಂಗಾ ಕೂಗಿತು. ಏಳು ಗಂಟೆ. ಧ್ವನಿವರ್ಧಕ ಅವರ ತಂಡದ ಹೆಸರು ಹೇಳಿ 'ಹೊರಗೆ' ಎಂದಿತು.

ಗೆರೆಯ ಹತ್ತಿರ ಹಾರ ಹಿಡಿದು ನಿಂತಿದ್ದ ಶಾಂತಿನಾಥರು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ಕಾಡವ್ವನ ಮಗಳಲ್ಲ? ನಿಯಮದ ಸಲುವಾಗಿ ಇಂಥವ್ರನ್ನ ಕಟಗೊಂಡ್ರ ಹಿಂಗ ಆಗೂದು."

ಧೀರಜನ ತುಟಿ ಅಲುಗಿತು. ಧ್ವನಿ ಬರಲಿಲ್ಲ.

ಪ್ರೇರಣಾ ಕಾಯಲಿಲ್ಲ. ಸೈಕಲ್ಲಿಗೆ ಕಾಲು ಹಾಕಿದಳು. ಮಿರಜ ಬರುವವರೆಗೂ ಅಳಲಿಲ್ಲ.

*

ಮರುದಿನ ಅವಳಿಗೆ ಎರಡನೇ ಪಾಳಿ. ಅವ್ವನ ಕೂಲಿಗೆ ಕುತ್ತು ಬಂದೀತೆಂಬ ಅಂಜಿಕೆಯಿಂದ ನಸುಕಿನಲ್ಲೇ ಅವಳ ಜೊತೆ ಗಾಣದ ಮನೆಗೆ ಬಂದಳು.

ಒಲೆ ಉರಿಯುತ್ತಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಗೋಡೆಯ ಮೊಳೆ ಖಾಲಿ. ಅದರ ಕೆಳಗೆ ನೆಲದ ಮೇಲೆ ಕೂತು ಧೀರಜ ಚರಗಿ ತೊಡೆಯಲ್ಲಿಟ್ಟುಕೊಂಡು ಗಂಟು ಬಿಚ್ಚುತ್ತಿದ್ದ. ಹದಿನೇಳು ವರ್ಷದ ಮಸಿ, ಜಿಡ್ಡು ಕೂಡಿ ಗಂಟು ಕಲ್ಲಾಗಿತ್ತು. ಉಗುರು ಸೋತು ಹಲ್ಲು ಹಚ್ಚಿದ್ದ. ಒಸಡಿನಿಂದ ರಕ್ತ ಬಂದಿತ್ತು.

ಕೂಲಿಯವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಕಾಡವ್ವನಿಗೆ ತಡೆಯಲಾಗಲಿಲ್ಲ. "ಕುಡಗೋಲ ಕೊಡ್ಲೇನ್ರಿ ಸಾವ್ಕಾರ?"

"ಬ್ಯಾಡ್ರಿ ಮಾವಶಿ. ಕಟ್ಟಿದಾಂವ ನಾ, ಬಿಚ್ಚಾಂವನೂ ನಾನ."

ಮಾವಶಿ, ಅಂದರೆ ಚಿಕ್ಕಮ್ಮ! ಇಪ್ಪತ್ತು ವರ್ಷದಲ್ಲಿ ಆ ಅಂಗಳದಲ್ಲಿ ಅವಳು ಬರೀ 'ಏ ಕಾಡವ್ವ' ಆಗಿದ್ದಳು.

ದಾರ ಹರಿಯಿತು. ಅಷ್ಟರಲ್ಲಿ ಕಬ್ಬಿನ ಗರಿಗಳ ಮೇಲೆ ಸೂರ್ಯ ಎದ್ದ. ಧೀರಜ ಚರಗಿ ಮುಂದೆ ಹಿಡಿದ.

"ನೀರು ಹಾಕ್ರಿ ಮಾವಶಿ. ರಾತ್ರಿಯಿಂದ ನೀರಡಿಸೇನಿ."

ಕಾಡವ್ವ ಹಿಂದಕ್ಕೆ ತಿರುಗಿ ನೋಡಿದಳು. ಕಟ್ಟೆಯ ಮೇಲೆ ಶಾಂತಿನಾಥರು ಎದ್ದು ನಿಂತಿದ್ದರು.

"ಅದನ್ನ ಬಾಯಿಗೆ ಹಚ್ಚಿದಿ ಅಂದ್ರ ಮನಿ ಹೊಸ್ತಿಲಾ ದಾಟಬ್ಯಾಡ, ಧೀರಜ."

"ಆತ್ರಿ ಅಪ್ಪಾ."

ಪ್ರೇರಣಾ ಮುಂದೆ ಬಂದು ತನ್ನ ಬಾಟಲಿಯ ನೀರನ್ನು ಚರಗಿಗೆ ಸುರಿದಳು. ಅವನು ಎತ್ತಿ ಹಿಡಿದು ಕುಡಿಯಲಿಲ್ಲ. ಅಂಚಿಗೆ ತುಟಿ ಹಚ್ಚಿ, ಎಲ್ಲರ ಎದುರು ಗಟಗಟನೆ ಕುಡಿದ. ಗಲ್ಲ ಒರೆಸಿಕೊಂಡು, ನಿನ್ನೆ ಬಾರದ ಧ್ವನಿಯಲ್ಲಿ ಹೇಳಿದ.

"ಈಕಿ ಹೆಸರು ಪ್ರೇರಣಾ. ಈಕಿ ಹೂಂ ಅಂದ್ರ ನಾ ಈಕಿನ್ನ ಲಗ್ನ ಆಗ್ತೇನಿ."

ಶಾಂತಿನಾಥರು ಮಗನನ್ನು ನೋಡಲೇ ಇಲ್ಲ. "ಕಾಡವ್ವ, ನಾಳಿಂದ ಕೆಲಸಕ್ಕ ಬರಬ್ಯಾಡ."

ಉಳ್ಳವರ ಮಗನ ಧೈರ್ಯಕ್ಕೂ ಮೊದಲ ಬೆಲೆ ತೆರುವವರು ಇಲ್ಲದವರೇ.

ಕಾಡವ್ವ ಸಿಪ್ಪೆಯ ಹೊರೆ ಕೆಳಗೆ ಚೆಲ್ಲಿದಳು. ಸೆರಗು ಝಾಡಿಸಿದಳು. "ನಾಳಿಂದ ಯಾಕ್ರಿ? ಇವತ್ತ ಹೊಂಟೆ."

*

ಕಬ್ಬಿನ ನಡುವಿನ ಹಾದಿ. ಕಾಡವ್ವ ಹಿಂದೆ ನೋಡದೆ ಮುಂದೆ ಮುಂದೆ ನಡೆದಿದ್ದಳು. ಧೀರಜನ ಕೈಯಲ್ಲಿ ಬರಿಗೊರಳಿನ ಚರಗಿ.

"ನಮ್ಮವ್ವನ ಕೂಲಿ ಹೋತು," ಪ್ರೇರಣಾ ಅಂದಳು.

"ಹೌದು. ನನ್ನಿಂದ."

"ಹದಿನೇಳ ವರ್ಷ ನೀರಿನ ಜೋಡಿ ಆಕಿ ಏನ ನುಂಗಿದಳೋ, ಒಂದ ಮುಂಜಾನ್ಯಾಗ ತೀರೂದಿಲ್ಲ ಅದು."

"ಗೊತ್ತೈತಿ."

"ನಾ ಇನ್ನ ಹೂಂ ಅಂದಿಲ್ಲ."

"ಅದೂ ಗೊತ್ತೈತಿ."

ಅವಳು ನಿಂತಳು. ಸೆರಗಿನ ತುದಿಯಿಂದ ಅವನ ತುಟಿಯ ರಕ್ತ ಒರೆಸಿದಳು. ಒರೆಸಿದ ಕೈ ಅಲ್ಲೇ ಉಳಿಯಿತು.

"ಇನ್ನೊಂದ ಚರಗಿ ನೀರ ಕೊಡ್ತೀಯೇನ?" ಅವನು ಮೆಲ್ಲಗೆ ಕೇಳಿದ.

"ಮನಿಗೆ ಬಾ. ಕೊಡದಾಗ ತುಂಬಿಟ್ಟೇನಿ. ಹೊತ್ತು ಮುಳುಗಾಕ ಇನ್ನ ಭಾಳ ಟೈಮ ಐತಿ."